ಎಷ್ಟನೇ ಪುಟದಲ್ಲಿದ್ದೀರಿ?

ಹೊಲಿಗೆ ಬಿಟ್ಟ ಪುಸ್ತಕ ರಿಪೇರಿಗೆ ಬಂದರೆ ನಾನು ಮೊದಲು ನೋಡುವುದು ಅದರ ಅಂಚನ್ನು. ಬೆನ್ನಿನ ಎದುರು ಕಡೆ, ಹೆಬ್ಬೆರಳು ತಾಗುವ ಜಾಗ. ಓದಿದ ಪುಟಗಳ ಅಂಚು ಮಾಸಿರುತ್ತದೆ. ಓದದ ಪುಟಗಳದ್ದು ಬೆಳ್ಳಗೆ ಉಳಿದಿರುತ್ತದೆ. ಎಷ್ಟೋ ಪುಸ್ತಕಗಳಲ್ಲಿ ಮೊದಲ ಎರಡು ಫಾರಂ ಮಾತ್ರ ಮಾಸಿರುತ್ತವೆ. ಒಂದು ಫಾರಂ ಅಂದರೆ 16 ಪುಟ. 32ನೇ ಪುಟದ ಹೊತ್ತಿಗೆ ಓದುತ್ತಿದ್ದವರು ಎದ್ದು ಹೋಗಿದ್ದಾರೆ ಅಂತ ಲೆಕ್ಕ.

ನನಗೆ ಆಗೆಲ್ಲ ಒಂದೇ ಯೋಚನೆ. ಅವರು 30ನೇ ಪುಟದಲ್ಲಿ ಕೂತಿದ್ದಾಗ ಯಾರಾದರೂ ಪಕ್ಕದಲ್ಲಿದ್ದು, "ಎಲ್ಲಿಗೆ ಬಂದ್ರಿ? ಇನ್ನೊಂದು ಇಪ್ಪತ್ತು ಪುಟ ತಳ್ಳಿ, ಆಮೇಲೆ ಅದೇ ಓಡುತ್ತೆ" ಅಂದಿದ್ದರೆ? ಓದಿ ಮುಗಿಸಿದವರು ಪುಸ್ತಕದ ಬಗ್ಗೆ ಬೇಕಾದಷ್ಟು ಮಾತಾಡುತ್ತಾರೆ. ಓದುತ್ತಾ ಇರುವವರನ್ನು ಕೇಳುವವರೇ ಇಲ್ಲ.

ಶಿವಮೊಗ್ಗದ ದುರ್ಗಿಗುಡಿ ಹತ್ತಿರ ನಮ್ಮ ಬೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಪರೀಕ್ಷೆ ಸಮಯದಲ್ಲಿ ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬರುವ ಪಿಎಚ್.ಡಿ. ಪ್ರಬಂಧಕ್ಕೆ ಬಂಗಾರದ ಅಕ್ಷರ. ಉಳಿದ ದಿನಗಳಲ್ಲಿ ಹಳೇ ಪುಸ್ತಕ. ಆರು ವರ್ಷದ ಹಿಂದೆ ಅಂಗಡಿ ಬಾಗಿಲ ಪಕ್ಕ ಒಂದು ಕರೀ ಹಲಗೆ ತೂಗು ಹಾಕಿದೆ. ಬಂದವರು ತಾವು ಓದುತ್ತಿರುವ ಪುಸ್ತಕ ಬರೆದು ಹೋಗುತ್ತಾರೆ. ತಿಂಗಳ ಕೊನೇ ಭಾನುವಾರ ಎಂಟ್ಹತ್ತು ಜನ ಕೂತು ಅದೇ ಮಾತಾಡುತ್ತೇವೆ. ನಮ್ಮ ಬೀದೀಲೂ ಮಾಡಬೇಕು, ನಮ್ಮ ಆಫೀಸಲ್ಲೂ ಮಾಡಬೇಕು, ಹೇಗೆ ಅಂತ ಕೆಲವರು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಲಗೆ

ಮೂರಡಿ ಉದ್ದ, ಎರಡಡಿ ಅಗಲ ಸಾಕು. ಅದಕ್ಕಿಂತ ದೊಡ್ಡದಾದರೆ ಖಾಲಿ ಕಾಣುತ್ತದೆ, ಖಾಲಿ ಹಲಗೆ ಮೇಲೆ ಮೊದಲು ಬರೆಯುವುದಕ್ಕೆ ಎಲ್ಲರಿಗೂ ಸಂಕೋಚ. ಸೀಮೆಸುಣ್ಣ ದಾರಕ್ಕೆ ಕಟ್ಟಿ ನೇತು ಹಾಕಿ. ಇಲ್ಲದಿದ್ದರೆ ದಿನಕ್ಕೊಂದು ಹೋಗುತ್ತದೆ. ಎದೆಮಟ್ಟಕ್ಕೆ ಇರಲಿ. ನಾನು ಮೊದಲು ಮೇಲೆ ಹಾಕಿದ್ದೆ, ಹೈಸ್ಕೂಲ್ ಮಕ್ಕಳಿಗೆ ಕೈ ಎಟಕುತ್ತಿರಲಿಲ್ಲ. ನಮ್ಮಲ್ಲಿ ಈಗ ಜಾಸ್ತಿ ಬರೆಯುವವರೇ ಅವರು.

ಶುರುವಿನಲ್ಲಿ ನಾನು ಹಲಗೆ ಮೇಲೆ "ನೀವು ಓದಿದ ಉತ್ತಮ ಪುಸ್ತಕ" ಅಂತ ಬರೆದಿದ್ದೆ. ಮೂರು ವಾರದಲ್ಲಿ ಬಂದದ್ದು ಐದೇ ಹೆಸರು. ಐದೂ ದೊಡ್ಡ ದೊಡ್ಡ ಪುಸ್ತಕಗಳು. ಬರೆದವರಲ್ಲಿ ಒಬ್ಬರನ್ನು ಮಾತಾಡಿಸಿದೆ. ಅವರು ಅದನ್ನು ಓದಿದ್ದು ಬಿ.ಎ. ಮಾಡುವಾಗ, ಪಠ್ಯ ಅಂತ. ಆಮೇಲೆ ಮುಟ್ಟಿಲ್ಲ. ತಪ್ಪು ಅವರದ್ದಲ್ಲ. "ಉತ್ತಮ" ಅಂತ ಕೇಳಿದರೆ ಯಾರೂ ಮನೆಯಲ್ಲಿ ದಿಂಬಿನ ಪಕ್ಕ ಇರುವ ಪುಸ್ತಕದ ಹೆಸರು ಹೇಳುವುದಿಲ್ಲ. ಹೊರಗೆ ಹೋಗುವಾಗ ಇಸ್ತ್ರಿ ಬಟ್ಟೆ ಹಾಕಿಕೊಳ್ಳುವ ಹಾಗೆ, ಮರ್ಯಾದೆಯ ಹೆಸರೊಂದನ್ನು ತೆಗೆದು ಕೊಡುತ್ತಾರೆ.

ಒರೆಸಿ ಬೇರೆ ಬರೆದೆ. "ಈಗ ಏನು ಓದ್ತಾ ಇದ್ದೀರಿ? ಎಷ್ಟನೇ ಪುಟ?" ಅದರ ಕೆಳಗೆ ನಾಲ್ಕು ಕಾಲಂ. ಹೆಸರು, ಪುಸ್ತಕ, ಪುಟ, ಒಂದು ಮಾತು. ಒಂದೇ ವಾರದಲ್ಲಿ ಹಲಗೆ ತುಂಬಿತು.

ಪುಟದ ಕಾಲಂ ಬಿಡಬೇಡಿ. ಇಡೀ ಕೆಲಸ ನಡೆಯುವುದು ಅದರಿಂದಲೇ. 43 ಅಂತ ಬರೆದವರು ನಿಜವಾಗಿ 43ರಲ್ಲೇ ಇರುತ್ತಾರೆ, ಸುಳ್ಳು ಬರೆದು ಏನು ಸಿಗಬೇಕು? ಅದೇ ಪುಸ್ತಕ ಓದಿದ ಇನ್ನೊಬ್ಬರು ಅದನ್ನು ನೋಡಿದರೆ ತಕ್ಷಣ ಗೊತ್ತಾಗುತ್ತದೆ, ಓ, ಇವರು ಆ ಜಾಗಕ್ಕೆ ಬಂದಿದ್ದಾರೆ ಅಂತ. ಮುಂದಿನ ವಾರ ಅವರು 43 ಅಳಿಸಿ 110 ಮಾಡುತ್ತಾರೆ. ಮಾಡದೆ ಹೋದರೆ ನಾನು ಕೇಳುತ್ತೇನೆ, "ಏನ್ ಸಾರ್, 43ರಲ್ಲೇ ನಿಂತ್ರಲ್ಲ?" ಅಂತ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಹೆಚ್ಚಿನವರು ಖುಷಿಯಿಂದ ಕಾರಣ ಹೇಳುತ್ತಾರೆ. ಮಗಳ ಮದುವೆ ಇತ್ತು. ಕನ್ನಡಕ ಒಡೆಯಿತು. ಪುಸ್ತಕ ಬಸ್ಸಲ್ಲಿ ಬಿಟ್ಟೆ.

ಪುಸ್ತಕ ಅಂದರೆ ಯಾವುದು ಅಂತ ಗೆರೆ ಹಾಕಬೇಡಿ. ಕೆಎಎಸ್ ಪರೀಕ್ಷೆಯ ಗೈಡ್ ಬರೆದಿದ್ದಾರೆ. ಅಡುಗೆ ಪುಸ್ತಕ ಬರೆದಿದ್ದಾರೆ. ಒಬ್ಬ ತಾಯಿ ಮಗಳ ಆರನೇ ಕ್ಲಾಸಿನ ಸಮಾಜ ವಿಜ್ಞಾನ ಬರೆದು, "ಇವಳಿಗೆ ಹೇಳಿಕೊಡೋಕೆ ಹೋಗಿ ನಾನೇ ಕೂತೆ" ಅಂತ ಮಾತು ಸೇರಿಸಿದ್ದರು. ವಾರಪತ್ರಿಕೆಯ ಧಾರಾವಾಹಿ ಆಗಬಹುದು. ಕಿವಿಯಲ್ಲಿ ಹಾಕಿಕೊಂಡು ಕೇಳುವ ಪುಸ್ತಕವೂ ಆಗಬಹುದು, ಪುಟದ ಜಾಗದಲ್ಲಿ ಎಷ್ಟು ಗಂಟೆ ಕೇಳಿದಿರಿ ಅಂತ ಬರೆದರಾಯಿತು. ನಮ್ಮ ಆಟೋ ಸ್ಟ್ಯಾಂಡಿನ ಅಣ್ಣ ಒಬ್ಬರು ಎರಡು ತಿಂಗಳು ಬರೀ ಪಂಚಾಂಗ ಬರೆಯುತ್ತಿದ್ದರು. ಮೂರನೇ ತಿಂಗಳು ನನ್ನನ್ನು ಕೇಳಿದರು, "ಇದ್ರಲ್ಲಿ ಎಲ್ಲರೂ ತೇಜಸ್ವಿ ತೇಜಸ್ವಿ ಅಂತ ಬರೀತಾರಲ್ಲ, ಏನದು?"

ಆ ಒಂದು ಮಾತು

ಕೊನೇ ಕಾಲಂ ಕಷ್ಟದ್ದು. ಏನು ಬರೆಯಬೇಕು ಅಂತ ಗೊತ್ತಾಗದೆ ಎಲ್ಲರೂ "ಚೆನ್ನಾಗಿದೆ" ಅಂತ ಬರೆಯುತ್ತಾರೆ. ಹಾಗಾಗಿ ಹಲಗೆಯ ಮೂಲೆಯಲ್ಲಿ ಪೇಂಟಿನಲ್ಲೇ ಬರೆಸಿದ್ದೇನೆ. "ಚೆನ್ನಾಗಿದೆ, ಅದ್ಭುತ, ಓದಲೇಬೇಕು: ಈ ಮೂರು ಬೇಡ."

ಅದರ ಬದಲು ಏನು ಬರೆಯಬಹುದು? ಒಂದು ಉದಾಹರಣೆ ಕೊಡುತ್ತೇನೆ. ತೇಜಸ್ವಿಯವರ ಕರ್ವಾಲೋ 1980ರಲ್ಲಿ ಬಂದ ಕಾದಂಬರಿ. ಇವತ್ತಿಗೂ ನಮ್ಮ ಹಲಗೆ ಮೇಲೆ ಅದು ಇಲ್ಲದ ತಿಂಗಳಿಲ್ಲ. "ಕನ್ನಡದ ಅದ್ಭುತ ಕಾದಂಬರಿ, ಎಲ್ಲರೂ ಓದಲೇಬೇಕು" ಅಂತ ಬರೆದರೆ ಓದದವರಿಗೆ ಏನು ತಿಳಿಯಿತು? ಏನೂ ಇಲ್ಲ. ಸುಮ್ನೆ ಒಂದು ಹೊರೆ ಹೊರಿಸಿದ ಹಾಗೆ. ಅದೇ ಪುಸ್ತಕಕ್ಕೆ ಒಬ್ಬ ಪಿಯುಸಿ ಹುಡುಗ ಹೀಗೆ ಬರೆದಿದ್ದ: "ಜೇನುತುಪ್ಪದಿಂದ ಶುರುವಾಯ್ತು, ಈಗ ಎಲ್ಲರೂ ಒಂದು ಓತಿ ಹಿಂದೆ ಹೊರಟಿದ್ದಾರೆ. ಬಿರಿಯಾನಿ ಕರಿಯಪ್ಪ ಬಂದಾಗೆಲ್ಲ ನಗು ತಡೆಯೋಕಾಗಲ್ಲ." ಆ ವಾರ ಮೂರು ಜನ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಬಂದರು. ಒಬ್ಬರನ್ನು ಎಳೆದು ತಂದದ್ದು ಆ ಜೇನಿನ ಮಾತು. ಅವರು ತೀರ್ಥಹಳ್ಳಿ ಕಡೆ ಜೇನುಪೆಟ್ಟಿಗೆ ಇಟ್ಟವರು.

ಆ ಹುಡುಗ ಏನು ಮಾಡಿದ ಅಂತ ನೋಡಿ. ತಾನು ನಿಂತ ಜಾಗ ಹೇಳಿದ. ಒಂದು ವಸ್ತು ಹೇಳಿದ, ಒಬ್ಬ ಮನುಷ್ಯನ ಹೆಸರು ಹೇಳಿದ. ತನಗೆ ಏನಾಯಿತು ಅಂತ ಹೇಳಿದ. ಕತೆ ಹೇಳಲಿಲ್ಲ. ನಿಮಗೂ ಅಷ್ಟೇ ಸಾಕು. ಪುಸ್ತಕ ಎಲ್ಲಿ ಕೂತು ಓದಿದಿರಿ ಅನ್ನುವುದೂ ಒಳ್ಳೆಯ ಮಾತೇ. "ಮರಳಿ ಮಣ್ಣಿಗೆ, ಪುಟ 60. ಆಸ್ಪತ್ರೆಯಲ್ಲಿ ಅತ್ತೆ ಪಕ್ಕ ಕೂತು ಓದ್ತಾ ಇದ್ದೀನಿ. ಆ ಸಮುದ್ರದ ಸದ್ದು ವಾರ್ಡಿನಲ್ಲೂ ಕೇಳುತ್ತೆ." ಇದನ್ನು ಬರೆದವರ ಹೆಸರು ನನಗೆ ಗೊತ್ತಿಲ್ಲ. ಹಲಗೆ ಒರೆಸುವ ದಿನ ಆ ಸಾಲನ್ನು ಮಾತ್ರ ನೋಟ್ ಪುಸ್ತಕಕ್ಕೆ ಇಳಿಸಿಕೊಂಡೆ.

ಮುಂದೇನಾಗುತ್ತದೆ ಅಂತ ಬರೆಯಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಬರೆಯುತ್ತಾರೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಓದುತ್ತಿರುವವರ ಮುಂದೆ ಗುತ್ತಿಯ ನಾಯಿ ಹುಲಿಯನ ವಿಷಯ ಎತ್ತಕೂಡದು ಅಂತ ನಮ್ಮಲ್ಲಿ ಕಟ್ಟುನಿಟ್ಟು. ಒಮ್ಮೆ ಒಬ್ಬರು ಹಲಗೆ ಮೇಲೇ ಬರೆದುಬಿಟ್ಟಿದ್ದರು. ನಾನು ಅಂಗೈಯಲ್ಲೇ ಒರೆಸಿದೆ. ಆ ಹೊತ್ತಿಗೆ ಅದನ್ನು ಓದುತ್ತಿದ್ದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಶಾಲೆ ಬಿಟ್ಟು ಅದೇ ದಾರಿಯಲ್ಲಿ ಬರುವವಳಿದ್ದಳು.

ಯಾರಿಗೆ, ಯಾವುದು

"ಒಂದು ಒಳ್ಳೇ ಪುಸ್ತಕ ಹೇಳಿ" ಅಂತ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. ಈಗ ನಾನು ತಟ್ಟನೆ ಹೇಳುವುದಿಲ್ಲ. ಮುಂಚೆ ಹೇಳುತ್ತಿದ್ದೆ. ಅದರಿಂದ ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು.

ಒಬ್ಬರು ಸಿಸ್ಟರ್ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಜಾಸ್ತಿ ನೈಟ್ ಡ್ಯೂಟಿ. ಪಿಯುಸಿ ಆದ ಮೇಲೆ ಕತೆ ಪುಸ್ತಕ ಹಿಡಿದೇ ಇಲ್ಲ, ಮತ್ತೆ ಓದಬೇಕು ಅನ್ನಿಸಿದೆ ಅಂದರು. ನನಗೆ ಖುಷಿಯಾಯಿತು. ನನ್ನ ಪ್ರೀತಿಯ ಪುಸ್ತಕವನ್ನೇ ಕೊಟ್ಟೆ, ಮಲೆಗಳಲ್ಲಿ ಮದುಮಗಳು. ಕುವೆಂಪು ನಮ್ಮ ಜಿಲ್ಲೆಯವರು, ಕುಪ್ಪಳಿ ಇಲ್ಲೇ ತೀರ್ಥಹಳ್ಳಿ ತಾಲ್ಲೂಕು, ನಿಮಗೆ ಆ ಊರು ಆ ಮಾತು ಎಲ್ಲ ಪರಿಚಯವೇ ಇರುತ್ತದೆ, ಓದಿ ಅಂದೆ. ನಲವತ್ತು ದಿನದ ಮೇಲೆ ಪುಸ್ತಕ ವಾಪಸ್ ಬಂತು. ಅವರ ಕೈಯಲ್ಲಲ್ಲ, ತಮ್ಮನ ಕೈಯಲ್ಲಿ. ಒಳಗೆ ಒಂದು ಮಾತ್ರೆ ಪಟ್ಟಿಯ ಖಾಲಿ ಹಾಳೆ ಗುರುತಿಗೆ ಇಟ್ಟದ್ದು ಹಾಗೇ ಇತ್ತು. ಪುಟ 31. ಆಮೇಲೆ ಆರು ತಿಂಗಳು ಅವರು ಈ ಕಡೆ ಬರಲಿಲ್ಲ. ಎದುರು ಸಿಕ್ಕಿದಾಗ ನನ್ನ ನೋಡಿ ರಸ್ತೆ ದಾಟಿದರು. ಪುಸ್ತಕ ಮುಗಿಸದ್ದಕ್ಕೆ ಅವರಿಗೆ ನಾಚಿಕೆ. ಆ ನಾಚಿಕೆ ಕೊಟ್ಟವನು ನಾನು.

1967ರಲ್ಲಿ ಬಂದ ಆ ಕಾದಂಬರಿ ಎಷ್ಟು ದಪ್ಪ ಅಂತ ಹೊಲಿದ ನನಗೆ ಚೆನ್ನಾಗಿ ಗೊತ್ತು. ಮೊದಲ ನೂರು ಪುಟದಲ್ಲಿ ಎಷ್ಟು ಮನೆ, ಎಷ್ಟು ಜನ ಬರುತ್ತಾರೆ ಅಂತಲೂ ಗೊತ್ತು. ರಾತ್ರಿ ಹನ್ನೆರಡರಿಂದ ಬೆಳಗಿನ ಆರರ ನಡುವೆ, ಕರೆ ಬಂದಾಗೆಲ್ಲ ಏಳಬೇಕಾದವರು ಅದನ್ನು ಓದುವುದು ಹೇಗೆ? ನಾನು ಪುಸ್ತಕ ನೋಡಿದೆ, ಓದುವವರನ್ನು ನೋಡಲಿಲ್ಲ.

ಈಗ ಮೊದಲು ಮೂರು ವಿಷಯ ಕೇಳುತ್ತೇನೆ. ಕೊನೆಗೆ ಓದಿ ಮುಗಿಸಿದ್ದು ಯಾವುದು? ಇಷ್ಟವಾದದ್ದು ಯಾವುದು ಅಂತ ಕೇಳುವುದಿಲ್ಲ, ಮುಗಿಸಿದ್ದು ಯಾವುದು ಅಂತಲೇ ಕೇಳುತ್ತೇನೆ. ಯಾವ ಹೊತ್ತಿನಲ್ಲಿ, ಎಲ್ಲಿ, ಎಷ್ಟು ನಿಮಿಷ ಓದುತ್ತೀರಿ? ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ಮೂರನೆಯದಕ್ಕೆ ಉತ್ತರ ಹೇಳುವಾಗ ಜನ ತುಂಬ ನಿಜ ಮಾತಾಡುತ್ತಾರೆ. "ಹೆಸರುಗಳು ಕಲಸಿಹೋದವು" ಅಂದರೆ ಪಾತ್ರ ಕಮ್ಮಿ ಇರುವ ಪುಸ್ತಕ ಬೇಕು. "ಬರೀ ಉಪದೇಶ" ಅಂದರೆ ನಗಿಸುವ ಪುಸ್ತಕ. "ಅಕ್ಷರ ಸಣ್ಣ" ಅಂದರೆ ಬೇರೆ ಮುದ್ರಣ ಹುಡುಕಬೇಕು. ಅಲ್ಲಿಗೆ ಸಾಹಿತ್ಯದ ಪ್ರಶ್ನೆಯೇ ಮುಗಿಯಿತು.

ಆಮೇಲೆ ಒಂದೇ ಪುಸ್ತಕ ಹೇಳಿ. ಹತ್ತು ಹೆಸರಿನ ಪಟ್ಟಿ ಕೊಟ್ಟರೆ ಅದು ಪರ್ಸಿನಲ್ಲಿ ಮಡಚಿ ಕೂತಿರುತ್ತದೆ, ಅಷ್ಟೇ. ಒಂದು ಹೇಳಿದರೆ ಹುಡುಕುತ್ತಾರೆ.

ಆ ಸಿಸ್ಟರ್ ಮನೆಗೆ ಕೊನೆಗೆ ನಾನೇ ಹೋದೆ. "ತಪ್ಪು ನನ್ನದು ಸಿಸ್ಟರ್" ಅಂತ ಹೇಳಿ ಅಬಚೂರಿನ ಪೋಸ್ಟಾಫೀಸು ಕೊಟ್ಟು ಬಂದೆ. ತೇಜಸ್ವಿಯವರದ್ದೇ, 1973ರ ಕಥಾ ಸಂಕಲನ. ಒಂದು ರಾತ್ರಿಗೆ ಒಂದು ಕತೆ ಸಾಕು, ಮುಗಿಯದಿದ್ದರೂ ಪರವಾಗಿಲ್ಲ ಅಂದೆ. ಹದಿನೈದು ದಿನದ ಮೇಲೆ ಹಲಗೆ ಮೇಲೆ ಅವರ ಅಕ್ಷರ ಕಂಡಿತು. "ತಬರನ ಕಥೆ ಮುಗೀತು. ನಮ್ಮ ವಾರ್ಡಿಗೂ ಇಂಥ ತಾತ ಒಬ್ಬರು ಬಂದಿದ್ದರು." ಪಿಂಚಣಿಗಾಗಿ ಅಲೆಯುವ ತಬರನನ್ನು ಓದಿದವರಿಗೆ ಆ ಸಾಲಿನ ಭಾರ ಗೊತ್ತಾಗುತ್ತದೆ.

ಈ ಮೂರು ಪ್ರಶ್ನೆ ಕೇಳಿ ನಾನು ಹೇಳಿದ ಕೆಲವು: ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ, ಇಂಗ್ಲಿಷ್ ಥ್ರಿಲ್ಲರ್ ಓದುವ ಹುಡುಗನಿಗೆ ವಿವೇಕ ಶಾನಭಾಗರ ಘಾಚರ್ ಘೋಚರ್. ಒಂದು ಪ್ರಯಾಣದಲ್ಲಿ ಮುಗಿಯುತ್ತದೆ, ಮನೆಯೊಳಗಿನ ಭಯ ಅದರಲ್ಲಿ ಇದೆ. ಟೀವಿ ಧಾರಾವಾಹಿ ಬೇಜಾರಾಯಿತು ಅಂದ ಅಕ್ಕನಿಗೆ ತ್ರಿವೇಣಿಯವರ ಶರಪಂಜರ. ಸಿನಿಮಾ ನೋಡಿದ್ದೀನಿ ಅಂದರು. ಸಿನಿಮಾ ನೋಡಿದವರಿಗೆ ಇನ್ನೂ ಒಳ್ಳೆಯದು, ಮುಖಗಳು ಮೊದಲೇ ಗೊತ್ತಿರುತ್ತವೆ ಅಂದೆ. ಏಳನೇ ಕ್ಲಾಸಿನ ಹುಡುಗನಿಗೆ ತೇಜಸ್ವಿಯವರ ಪರಿಸರದ ಕತೆ. ಅವನ ಅಜ್ಜನಿಗೂ ಅದನ್ನೇ ಹೇಳಿದೆ, ಒಂದೇ ಪುಸ್ತಕ ಇಬ್ಬರೂ ಕಿತ್ತಾಡಿಕೊಂಡು ಓದಿದರು.

ಪುಸ್ತಕ ಕೈಗೆ ಸಿಗಬೇಕು

ಹೆಸರು ಹೇಳಿ ಕಳಿಸಿದರೆ ಅರ್ಧ ಕೆಲಸ. ಲೇಖಕರ ಹೆಸರು, ಪುಸ್ತಕದ ಪೂರ್ತಿ ಹೆಸರು, ಪ್ರಕಾಶಕರು: ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆ ವಾರ ಅಂಗಡಿಗೆ ಬಂದವರೆಲ್ಲ "ಆ ಪುಸ್ತಕ" ಅಂತ ಕೇಳಿದರು. ಕನ್ನಡಕ್ಕೆ ಮೊದಲ ಸಲ ಬಂದ ಬುಕರ್, ಹಾಸನದ ಹೆಣ್ಣುಮಗಳು, ಎಲ್ಲರಿಗೂ ಸಂಭ್ರಮ. ಆದರೆ ಪ್ರಶಸ್ತಿ ಬಂದ ಹಾರ್ಟ್ ಲ್ಯಾಂಪ್ ದೀಪಾ ಭಸ್ತಿ ಅವರು ಇಂಗ್ಲಿಷಿಗೆ ಮಾಡಿದ 12 ಕತೆಗಳ ಆಯ್ಕೆ. ಕನ್ನಡದಲ್ಲಿ ಆ ಕತೆಗಳು ಬೇರೆ ಬೇರೆ ಸಂಕಲನಗಳಲ್ಲಿ ಬಂದಿದ್ದವು. ಅದು ಗೊತ್ತಿಲ್ಲದೆ ಎಷ್ಟೋ ಜನ ಕನ್ನಡ ಬಲ್ಲವರು ಇಂಗ್ಲಿಷ್ ಪುಸ್ತಕ ಕೊಂಡುಕೊಂಡು ಹೋದರು. ಚೀಟಿಯಲ್ಲಿ "ಎದೆಯ ಹಣತೆ ಕತೆ ಇರುವ ಕನ್ನಡ ಪುಸ್ತಕ ಕೊಡಿ" ಅಂತ ಬರೆದು ಕೊಟ್ಟವರಿಗೆ ಸರಿಯಾದದ್ದು ಸಿಕ್ಕಿತು.

ಕೊಳ್ಳಲೇಬೇಕು ಅಂತಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದೆ. 1965ರ ಕಾಯ್ದೆ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಕಂದಾಯದ ರಸೀದಿ ತೆಗೆದು ನೋಡಿ. ನಮ್ಮದೇ ದುಡ್ಡಿನ ಪುಸ್ತಕ ಅಲ್ಲಿ ಕಪಾಟಿನಲ್ಲಿದೆ, ಹೋಗಿ ತರೋಣ. ಕೊಳ್ಳುವವರು ನವೆಂಬರ್ ತನಕ ಕಾದರೆ ರಾಜ್ಯೋತ್ಸವದ ರಿಯಾಯಿತಿ ಸಿಗುತ್ತದೆ. ಸಾಗರದ ಕಡೆ ಹೋದರೆ ಹೆಗ್ಗೋಡಿನಲ್ಲಿ ಇಳಿಯಿರಿ, ಅಕ್ಷರ ಪ್ರಕಾಶನದ ಪುಸ್ತಕಗಳು ಹುಟ್ಟುವ ಊರು ಅದು. ನಮ್ಮ ಕೂಟದವರು ವರ್ಷಕ್ಕೊಮ್ಮೆ ಒಂದು ಟಿಟಿ ವ್ಯಾನ್ ಮಾಡಿಕೊಂಡು ಹೋಗುತ್ತೇವೆ. ನೀನಾಸಂ ನಾಟಕವೂ ಆಗುತ್ತದೆ, ಪುಸ್ತಕವೂ ಆಗುತ್ತದೆ.

ಕನ್ನಡ ಕಾದಂಬರಿಯ ಶುರುವಿನ ಕಾಲದಲ್ಲಿ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದರು. ಅಪ್ಪ ಈ ಮಾತು ಹೇಳುತ್ತಲೇ ದಾರ ಎಳೆಯುತ್ತಿದ್ದರು. ನೂರು ಪುಸ್ತಕದ ಕಟ್ಟು ಎತ್ತಿ ನೋಡಿದವರಿಗೆ ಆ ತಲೆಹೊರೆ ಎಷ್ಟಿದ್ದೀತು ಅಂತ ಗೊತ್ತು.

ಕೊಟ್ಟು ತೆಗೆದುಕೊಳ್ಳುವುದು

ಪುಸ್ತಕ ಕೊಟ್ಟರೆ ವಾಪಸ್ ಬರುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ನಮ್ಮಲ್ಲಿ ಹೆಚ್ಚಿನವು ಬರುತ್ತವೆ. ಕಾರಣ, ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ. ಓದಿದವರ ಹೆಸರು, ತಿಂಗಳು, ಮತ್ತೆ ಒಂದು ಪುಟದ ನಂಬರು. ತಮಗೆ ಹಿಡಿಸಿದ ಪುಟ ಯಾವುದೋ ಅದರದ್ದು. ಹೊಸದಾಗಿ ತೆಗೆದುಕೊಂಡವರು ಮೊದಲು ಆ ಚೀಟಿ ನೋಡುತ್ತಾರೆ. ಮೂರು ಜನ 74 ಅಂತ ಬರೆದಿದ್ದರೆ, 74ರಲ್ಲಿ ಏನಿದೆ ಅಂತ ನೋಡುವ ತನಕ ಪುಸ್ತಕ ಕೆಳಗಿಡುವುದಿಲ್ಲ. ತಮ್ಮ ನಂಬರೂ ಸೇರಿಸಬೇಕು ಅಂತ ವಾಪಸ್ ತರುತ್ತಾರೆ.

ಚೀಟಿ ಅಂಟಿಸುವ ರೀತಿ ಹೇಳುತ್ತೇನೆ, ಇದು ನನ್ನ ಕಸುಬು. ಫೆವಿಕಾಲ್ ಬಳಿಯಬೇಡಿ. ಹಾಳೆ ಸುಕ್ಕಾಗುತ್ತದೆ, ಒಣಗಿದ ಮೇಲೆ ಸೆಟೆದುಕೊಳ್ಳುತ್ತದೆ, ಮುಂದೆ ಬಿಡಿಸಬೇಕಾದರೆ ಹರಿಯುತ್ತದೆ. ಮೈದಾ ಅಂಟು ಮಾಡಿಕೊಳ್ಳಿ. ಒಂದು ಲೋಟ ತಣ್ಣೀರಿಗೆ ಮೂರು ಚಮಚ ಮೈದಾ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ. ಹುಳ ಹಿಡಿಯದಿರಲಿ ಅಂತ ನಾವು ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋಗೆ ಹಾಕುತ್ತಾರಲ್ಲ, ಅದೇ. ವಿಷ ಅದು, ಅಡುಗೆ ಪಾತ್ರೆಯಲ್ಲಿ ಮಾಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮನೆಮಟ್ಟಕ್ಕೆ ಬೇಕಾದಾಗ ಬೇಕಾದಷ್ಟೇ ಮಾಡಿಕೊಂಡರೆ ಮೈಲುತುತ್ತ ಬೇಡವೇ ಬೇಡ. ಚೀಟಿಯ ಒಂದು ಅಂಚಿಗೆ ಮಾತ್ರ, ಕಾಲು ಇಂಚಿನಷ್ಟು ಅಂಟು ಸವರಿ. ಬೆರಳಲ್ಲಿ ಒತ್ತಿ. ನಡುವೆ ಒಂದು ದಪ್ಪ ಹಾಳೆ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ.

ಯಾರು ಯಾವ ಪುಸ್ತಕ ಒಯ್ದರು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ತಡವಾದರೆ ದಂಡ ಬೇಡ. "ಎಲ್ಲಿಗೆ ಬಂದ್ರಿ?" ಅಂತ ಕೇಳಿದರೆ ಸಾಕು.

ಕೊನೇ ಭಾನುವಾರ

ಸಂಜೆ ಐದಕ್ಕೆ ಶಟರ್ ಅರ್ಧ ಎಳೆದು, ಕಟಿಂಗ್ ಮೆಷಿನ್ ಪಕ್ಕಕ್ಕೆ ಸರಿಸಿ, ಸ್ಟೂಲು ಹಾಕುತ್ತೇವೆ. ಪಕ್ಕದ ಹೋಟೆಲಿಂದ ಟೀ. ಹನ್ನೆರಡು ಜನಕ್ಕಿಂತ ಜಾಸ್ತಿ ಆದರೆ ಎರಡು ಕೂಟ ಮಾಡಿ. ಹದಿನೈದು ಜನ ಕೂತರೆ ಮಾತಾಡುವವರು ನಾಲ್ಕೇ ಜನ ಆಗಿಬಿಡುತ್ತಾರೆ.

ಅತಿಥಿ ಬೇಡ. ಮೈಕು ಬೇಡ. ಶಾಲು, ಹಾರ, ಫಲಕ ಯಾವುದೂ ಬೇಡ. ಒಂದು ಸಲ ಒಬ್ಬರು ಆಸೆಪಟ್ಟು ಸ್ವಾಗತ ಭಾಷಣ ಬರೆದುಕೊಂಡು ಬಂದರು. ಅವತ್ತು ನಮ್ಮ ಆಟೋ ಅಣ್ಣ ಬಾಗಿಲ ಹತ್ತಿರವೇ ನಿಂತು ವಾಪಸ್ ಹೋದರು. ಭಾಷಣ ಅಂದ ತಕ್ಷಣ ಕೇಳುವವರು, ಹೇಳುವವರು ಅಂತ ಎರಡು ಸಾಲು ಆಗುತ್ತದೆ.

ಪ್ರತಿಯೊಬ್ಬರಿಗೂ ಮೂರು ನಿಮಿಷ. ಮೊದಲ ಮಾತು ಪುಟದ ನಂಬರು. ಆಮೇಲೆ ಅದೇ ಪುಟದಿಂದ ಒಂದು ಪ್ಯಾರಾ ಜೋರಾಗಿ ಓದಬೇಕು. ಇದನ್ನು ತಪ್ಪಿಸಬೇಡಿ. ಎಷ್ಟೋ ಜನ ಶಾಲೆ ಬಿಟ್ಟ ಮೇಲೆ ಗಟ್ಟಿಯಾಗಿ ಓದಿಯೇ ಇರುವುದಿಲ್ಲ. ಮೊದಲ ಸಲ ಗಂಟಲು ಕಟ್ಟುತ್ತದೆ. ಸಾಲು ತಪ್ಪುತ್ತದೆ. ಯಾರೂ ತಿದ್ದಬಾರದು. ದೇವನೂರ ಮಹಾದೇವರ ಕುಸುಮಬಾಲೆ ಕಣ್ಣಲ್ಲಿ ಓದಿದರೆ ಹತ್ತುವುದಿಲ್ಲ ಅಂತ ನಮ್ಮಲ್ಲಿ ಮೂವರು ಬಿಟ್ಟಿದ್ದರು. ನಂಜನಗೂಡಿನ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ಒಬ್ಬ ಹುಡುಗ ಒಂದು ಪುಟ ಜೋರಾಗಿ ಓದಿದ. ಅದು ಅವನ ಮನೆ ಮಾತು. ಅವತ್ತು ಟೀ ಆರಿತು, ಯಾರೂ ಲೋಟ ಎತ್ತಲಿಲ್ಲ. ಆ ಮೂವರೂ ಮತ್ತೆ ಮೊದಲಿಂದ ಶುರು ಮಾಡಿದರು.

ಮೂರು ನಿಮಿಷಕ್ಕೆ ನಿಲ್ಲದವರು ಎಲ್ಲ ಕೂಟದಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ರಿಟೈರ್ಡ್ ಮೇಷ್ಟ್ರು. ತುಂಬ ಓದಿದವರು, ಹೇಳುವುದು ತುಂಬ ಇದೆ. ಅವರನ್ನು ತಡೆಯುವುದಕ್ಕಿಂತ, "ಮೇಷ್ಟ್ರೇ, ಆ ಜಾಗ ಓದಿ" ಅಂತ ಪುಸ್ತಕ ಕೈಗೆ ಕೊಡುತ್ತೇನೆ. ಅವರ ಓದು ಬಹಳ ಚಂದ. ಲೇಖಕರ ಮೇಲೆ ವಾದ ಹತ್ತಿಕೊಂಡರೂ ಇದೇ ಉಪಾಯ. ಭೈರಪ್ಪನವರನ್ನು ಮೆಚ್ಚುವವರು ಒಬ್ಬರು, ಅನಂತಮೂರ್ತಿಯವರನ್ನು ಮೆಚ್ಚುವವರು ಇನ್ನೊಬ್ಬರು ಎದುರುಬದುರು ಕೂರುತ್ತಾರೆ. ಪುಸ್ತಕ ತೊಡೆ ಮೇಲೆ ತೆರೆದಿಟ್ಟುಕೊಂಡು ಮಾತಾಡಬೇಕು ಅನ್ನುವುದೊಂದೇ ಶರತ್ತು. ಪುಟ ತೋರಿಸಿ ಜಗಳ ಆಡಿದರೆ ಅದು ನಮಗೆಲ್ಲ ಲಾಭವೇ.

ಏನೂ ಓದದೆ ಬಂದವರನ್ನೂ ಕೂರಿಸಿಕೊಳ್ಳಿ. ಬಿಟ್ಟ ಪುಸ್ತಕದ ಬಗ್ಗೆ ಹೇಳಲು ಬಿಡಿ. ಹಲಗೆ ಮೇಲೆ ಈಗ "ಬಿಟ್ಟೆ" ಅಂತಲೂ ಬರೆಯುತ್ತಾರೆ, ಪುಟದ ನಂಬರಿನ ಸಮೇತ. ಅದರ ಕೆಳಗೆ ಬೇರೆ ಯಾರೋ "ನಾನೂ ಅಲ್ಲೇ" ಅಂತ ಬರೆದಿರುತ್ತಾರೆ. ಒಂದೊಂದು ಸಲ "70ರ ತನಕ ಬನ್ನಿ" ಅಂತ ಮೂರನೆಯವರು.

ಮಳೆಗಾಲದಲ್ಲಿ ಹಲಗೆ ಒಳಗೆ ತರಬೇಕು, ಇರಚಲಿಗೆ ಅಕ್ಷರ ನಿಲ್ಲುವುದಿಲ್ಲ. ತಿಂಗಳ ಒಂದನೇ ತಾರೀಖು ಎಲ್ಲ ಸಾಲು ನೋಟ್ ಪುಸ್ತಕಕ್ಕೆ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸದಾಗಿ ಕಾಲಂ ಎಳೆಯಿರಿ. ಮೊದಲ ಸಾಲು ನೀವೇ ಬರೆಯಿರಿ. ಇವತ್ತು ನಾನು ಬರೆದದ್ದು: "ಮಲೆಗಳಲ್ಲಿ ಮದುಮಗಳು, ಪುಟ 212, ಮೂರನೇ ಸಲ. ಈ ಸಲ ಪಿಂಚಲು ಮೇಲೆ ಕಣ್ಣು." ಅದರ ಕೆಳಗೆ ಸಂಜೆಯೊಳಗೆ ಏಳು ಸಾಲು ಬಂದಿದ್ದವು. ಸಿಸ್ಟರ್ ಬರೆದಿದ್ದಾರೆ, ಆಟೋ ಅಣ್ಣ ಬರೆದಿದ್ದಾರೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಮಗುವಿನ ಅಕ್ಷರದಲ್ಲಿ, ಯಾರೋ "ಪುಟ 88" ಅಂತ ಮಾತ್ರ ಬರೆದು ಹೋಗಿದ್ದಾರೆ. ಹೆಸರಿಲ್ಲ, ಪುಸ್ತಕದ ಹೆಸರೂ ಇಲ್ಲ. ಶಟರ್ ಎಳೆಯುವ ಮುಂಚೆ ಅದರ ಪಕ್ಕ ನಾನು ಬರೆದೆ, "ಯಾವ ಪುಸ್ತಕ ಪುಟ್ಟಾ?"